ಗುರುಮಠದ ದಿನಚರಿಗೆ ಕನ್ನಡ ಬಂದ ಬಗೆ

ಹೊನ್ನಾಳಿಯವರಿಗೆ ಮಠದ ಬದುಕು ಹೊಸದಲ್ಲ. ಹಿರೇಕಲ್ಮಠವಿದೆ, ರಾಯರ ಮಠವಿದೆ. ವಟುಗಳು ನಸುಕಿನಲ್ಲೆದ್ದು ಮಿಂದು ಪಾಠ ಒಪ್ಪಿಸುವುದನ್ನು ಇಲ್ಲಿಯ ಜನ ಬಲ್ಲರು. ಆದರೆ ನಾನು ಹರೆಯದಲ್ಲಿ ಬೆಂಗಳೂರಿನ ಒಂದು ಕಥೋಲಿಕ ಗುರುಮಠದಲ್ಲಿದ್ದೆ ಎಂದರೆ, “ಅಲ್ಲೇನು ಮಾಡ್ತಿದ್ರಿ ಮೇಷ್ಟ್ರೇ, ದಿನವೆಲ್ಲಾ ಪ್ರಾರ್ಥನೇನಾ?” ಎಂದು ಕೇಳುತ್ತಾರೆ. ಧರ್ಮಸಭೆಯ ಚರಿತ್ರೆ ಬರೆದವರು ಈ ಪ್ರಶ್ನೆಯನ್ನು ಎತ್ತಿಕೊಂಡದ್ದು ಕಡಿಮೆ. ಧರ್ಮಾಧ್ಯಕ್ಷರ ಹೆಸರುಗಳು ಸಿಗುತ್ತವೆ, ಕಟ್ಟಡಕ್ಕೆ ಅಡಿಗಲ್ಲಿಟ್ಟ ತಾರೀಖು ಸಿಗುತ್ತದೆ. ಆ ಗೋಡೆಗಳೊಳಗೆ ಹುಡುಗರು, ಹುಡುಗಿಯರು ಬೆಳಗಿನಿಂದ ರಾತ್ರಿವರೆಗೆ ಹೇಗಿದ್ದರು, ಏನುಂಡರು, ಯಾವ ಭಾಷೆಯಲ್ಲಿ ದೇವರನ್ನು ಕರೆದರು ಎಂಬುದನ್ನು ಹುಡುಕಬೇಕು. ನನಗೆ ಅದೇ ನಿಜವಾದ ಚರಿತ್ರೆ.

ಪಾದ್ರಿಯಾಗುವವನನ್ನು ಎಳೆಯ ವಯಸ್ಸಿನಿಂದಲೇ ಒಂದು ಮನೆಯಲ್ಲಿಟ್ಟು ಬೆಳೆಸಬೇಕೆಂಬ ಕಟ್ಟಳೆ ಹೊರಟದ್ದು 1563ರಲ್ಲಿ, ಟ್ರೆಂಟ್ ಮಹಾಸಭೆಯಿಂದ. ನಮ್ಮ ನಾಡಿನಲ್ಲಿ ಅದು ಗಟ್ಟಿಯಾಗಿ ಬೇರುಬಿಟ್ಟದ್ದು ತೀರ ಈಚೆಗೆ. 1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯವರು ಮಂಗಳೂರಿಗೆ ಬಂದಿಳಿದರು. ಮರುವರ್ಷವೇ ಸಂತ ಜೋಸೆಫರ ಸೆಮಿನರಿ ಶುರುವಾಯಿತು. ಇಂದು ಅದು ಜೆಪ್ಪುವಿನಲ್ಲಿದೆ. ಹೆಣ್ಣುಮಕ್ಕಳ ಸಂಘಗಳಲ್ಲಿ ಅಪೊಸ್ತೊಲಿಕ್ ಕಾರ್ಮೆಲ್‌ನವರು ಅದಕ್ಕೂ ಮೊದಲೇ, 1870ರಲ್ಲಿ, ಮಂಗಳೂರಿಗೆ ಬಂದಿದ್ದರು. 1887ರಲ್ಲಿ ಉರ್ಸುಲಾಯ್ನ್ ಫ್ರಾನ್ಸಿಸ್ಕನ್ ಸಂಘ, 1921ರಲ್ಲಿ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನಸ್ ಗುರುಗಳ ಬೆಥನಿ ಸಂಘ, ಎರಡೂ ಅಲ್ಲಿಯೇ ಹುಟ್ಟಿದವು. ಮುಂದೆ ಬೆಂಗಳೂರಿನ ಸುತ್ತ ಇಂಥ ಮನೆಗಳು ಎಷ್ಟಾದವೆಂದರೆ, ಒಂದು ರೈಲು ನಿಲ್ದಾಣಕ್ಕೇ ಕಾರ್ಮೆಲಾರಾಂ ಎಂಬ ಹೆಸರು ನಿಂತಿತು.

ನಾನು ಸೇರಿದ್ದು 1962ರ ಜೂನ್‌ನಲ್ಲಿ. ಅಪ್ಪ ಗಾರೆ ಕೆಲಸದವರು, ಭದ್ರಾ ನಾಲೆಯ ಕೆಲಸಕ್ಕೆಂದು ಬಂದು ಹೊನ್ನಾಳಿಯಲ್ಲೇ ನೆಲೆಸಿದವರು. ಆಗ ನಾವಿದ್ದದ್ದು ಶಿವಮೊಗ್ಗ ಜಿಲ್ಲೆ. ದಾವಣಗೆರೆಗೆ ಸೇರಿದ್ದು 1997ರಲ್ಲಿ. ಟ್ರಂಕಿನಲ್ಲಿ ಎರಡು ಬಿಳಿ ಪಂಚೆ, ಒಂದು ತಟ್ಟೆ, ಒಂದು ಲೋಟ, ಜಪಸರ.

ಬೆಳಿಗ್ಗೆ ಐದಕ್ಕೆ ಗಂಟೆ. ಒಬ್ಬ ಹುಡುಗ ಸಾಲು ಹಾಸಿಗೆಗಳ ನಡುವೆ ನಡೆಯುತ್ತ “ಬೆನೆದಿಕಾಮುಸ್ ದೋಮಿನೊ” (ಪ್ರಭುವನ್ನು ಸ್ತುತಿಸೋಣ) ಎನ್ನುತ್ತಿದ್ದ. ಕಣ್ಣು ಬಿಡುವ ಮೊದಲೇ ನಾವು “ದೇಯೊ ಗ್ರಾತ್ಸಿಯಾಸ್” (ದೇವರಿಗೆ ಕೃತಜ್ಞತೆ) ಎನ್ನಬೇಕು. ಅದು ದಿನದ ಮೊದಲ ಮಾತು, ಲತೀನ್ ಮಾತು. ತಣ್ಣೀರಿನಲ್ಲಿ ಮುಖ ತೊಳೆದು ಗುಡಿಗೆ ಹೋಗಿ ಅರ್ಧ ಗಂಟೆ ಧ್ಯಾನ, ಆಮೇಲೆ ಬಲಿಪೂಜೆ. ಗುರುಗಳು ನಮಗೆ ಬೆನ್ನು ಮಾಡಿ ಬಲಿಪೀಠದ ಕಡೆ ನಿಂತು ಲತೀನಿನಲ್ಲಿ ಪೂಜಿಸುತ್ತಿದ್ದರು. ತಿಂಡಿ, ಕಸ ಗುಡಿಸುವುದು, ಪಾಠ. ಊಟಕ್ಕೆ ಮುಂಚೆ ಆತ್ಮಪರಿಶೀಲನೆ, ಸಂಜೆ ತೋಟದ ಕೆಲಸ ಇಲ್ಲವೆ ಆಟ, ಜಪಸರ, ಓದು, ರಾತ್ರಿ ಪ್ರಾರ್ಥನೆ. ಅಲ್ಲಿಂದ ಮರುದಿನದ ತಿಂಡಿಯವರೆಗೆ ಮಹಾಮೌನ. ಪಕ್ಕದವನಿಗೆ ಜ್ವರ ಬಂದರೂ ಸನ್ನೆಯಲ್ಲೇ ಕೇಳಬೇಕಿತ್ತು. ಅಡ್ಡಾಡಲು ಹೋದರೆ ಮೂವರಾದರೂ ಇರಬೇಕು. ಇಬ್ಬರೇ ಜೊತೆಯಾಗಿ ತಿರುಗಬಾರದೆಂಬುದು ಇಂಥ ಮನೆಗಳ ಹಳೆಯ ನಿಯಮ. ಮನೆಗೆ ಬರೆದ ಕಾಗದವನ್ನು ಅಂಟಿಸದೆ ಕೊಡಬೇಕಿತ್ತು. ಅದು ತಪ್ಪೆಂದೇ ನಾನು ಈಗಲೂ ಹೇಳುತ್ತೇನೆ. ತಾಯಿಗೆ ಬರೆಯುವ ನಾಲ್ಕು ಸಾಲನ್ನು ಮೂರನೆಯವರು ಓದುತ್ತಾರೆಂದು ಗೊತ್ತಾದ ಹುಡುಗ ತನ್ನ ಸಂಕಟ ಬರೆಯುವುದಿಲ್ಲ.

ಆದರೆ ಊಟದ ಮನೆಯ ಓದನ್ನು ನೆನೆದರೆ ಇಂದಿಗೂ ಮನಸ್ಸು ತುಂಬುತ್ತದೆ. ಬಾಯಿಗೆ ಅನ್ನ, ಕಿವಿಗೆ ಪುಸ್ತಕ. ಎತ್ತರದ ಕಟ್ಟೆಯ ಮೇಲೆ ನಿಂತು ಒಬ್ಬ ಸಂತರ ಚರಿತ್ರೆ ಓದುತ್ತಿದ್ದ. ಉಳಿದವರು ಮಾತಿಲ್ಲದೆ ಉಣ್ಣುತ್ತಿದ್ದರು. ಹಬ್ಬದ ದಿನ ಹಿರಿಯರು “ದೇಯೊ ಗ್ರಾತ್ಸಿಯಾಸ್” ಎಂದರೆ ಓದು ನಿಂತು ಮಾತಿಗೆ ಅಪ್ಪಣೆ ಸಿಕ್ಕಂತೆ. ಆಗಿನ ಗದ್ದಲವನ್ನು ಹೇಳತೀರದು. ಒಂದೇ ಸಾಲಿನಲ್ಲಿ ತಮಿಳು, ಕೊಂಕಣಿ, ಮಲಯಾಳ, ತೆಲುಗು ಎಲ್ಲ ಒಟ್ಟಿಗೆ. ಹೊರಗೆ ಅಂಗಳದಲ್ಲಿ ಮಾತ್ರ ಇಂಗ್ಲಿಷೇ ಆಗಬೇಕು. ಬಯಲುಸೀಮೆಯ ಕನ್ನಡ ಹುಡುಗರು ನಾವು ಕೆಲವರೇ. ನಮಗೆ ಕನ್ನಡ ಸಿಗುತ್ತಿದ್ದುದು ಅಡುಗೆಮನೆಯಲ್ಲಿ. “ಬ್ರದರ್, ಇನ್ನೊಂದು ಸೌಟು ಸಾರು ಹಾಕ್ಲಾ?” ಎಂದು ಅಡುಗೆಯವರು ಕೇಳಿದರೆ ಊರಿಗೇ ಹೋಗಿ ಬಂದಂತೆ.

ಅವ್ವ ನೋಡಲು ಬಂದಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು. ಗಂಟನ್ನು ಹಿರಿಯರ ಕೈಗೆ ಕೊಡುವುದು ನಿಯಮ, ಅಲ್ಲಿ ಯಾರಿಗೂ ಸ್ವಂತದ್ದೆಂಬುದಿಲ್ಲ. “ನಿಂಗಂತ ಮಾಡಿದ್ದು, ನೀನು ಒಂದಾದ್ರೂ ತಿಂತೀಯೇನೋ?” ಎಂದು ಅವಳು ಕೇಳಿದಳು. ರಾತ್ರಿ ಆ ರೊಟ್ಟಿಗಳು ಚೂರುಚೂರಾಗಿ ಎಲ್ಲರ ತಟ್ಟೆಗೂ ಬಂದವು. ನನ್ನ ಪಾಲಿಗೆ ಬಂದದ್ದು ಅಂಗೈಯಗಲ.

ಅಕ್ಕ ಸೇರಿದ ಕಾನ್ವೆಂಟಿನ ಬದುಕು ಇನ್ನೂ ಕಠಿಣ. ಓದಿಗಿಂತ ದುಡಿಮೆಯೇ ಹೆಚ್ಚು: ಹಸು, ಒಗೆತ, ಅಡುಗೆ, ಗುಡಿಯ ಬಟ್ಟೆಗಳ ಇಸ್ತ್ರಿ. ಹೊಸಬರಿಗೆ ಬಿಳಿ ಮುಸುಕು, ಜೊತೆಗೆ ಹೊಸ ಹೆಸರು. ಧರ್ಮಸಭೆಯ ಕಾನೂನಿನ ಪ್ರಕಾರ ಪೂರ್ತಿ ಒಂದು ವರ್ಷ ನವಶಿಷ್ಯೆ ಆ ಮನೆಯಲ್ಲೇ ಇರಬೇಕು. ಅವ್ವ ಮಾತ್ರ ಕೊನೆವರೆಗೂ ಹಳೆಯ ಹೆಸರಿನಲ್ಲೇ ಅವಳನ್ನು ಕರೆದಳು. ಮುಂದೆ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಎಷ್ಟೋ ಸಂಘಗಳು ಜ್ಞಾನಸ್ನಾನದ ಹೆಸರನ್ನೇ ಉಳಿಸಿಕೊಳ್ಳಲು ಬಿಟ್ಟವು.

ನಾನು ಸೇರಿದ ವರ್ಷವೇ ಎರಡು ಎದುರುಬದುರಾದ ಸಂಗತಿಗಳು ನಡೆದಿದ್ದವು. ಫೆಬ್ರವರಿಯಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಗುರುಮಠಗಳಲ್ಲಿ ಲತೀನ್ ಕಲಿಕೆಯನ್ನು ಬಿಗಿಗೊಳಿಸಬೇಕೆಂದು ಆಜ್ಞೆ ಮಾಡಿದರು. ಅಕ್ಟೋಬರ್ 11ರಂದು ಅವರೇ ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭಿಸಿದರು. ಆ ಸಭೆ 1963ರ ಡಿಸೆಂಬರ್ 4ರಂದು ಪೂಜೆಯಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಅದೇ ವರ್ಷ ಚಿಕ್ಕಮಗಳೂರು ಧರ್ಮಪ್ರಾಂತವೂ ಹುಟ್ಟಿ ನಮ್ಮೂರು ಅದರೊಳಗೆ ಬಂತು. ಶಿವಮೊಗ್ಗ ಬೇರೆಯಾದದ್ದು 1988ರಲ್ಲಿ.

1965ರಿಂದ ನಮ್ಮ ದಿನಚರಿಯೊಳಗೆ ಕನ್ನಡ ಒಂದೊಂದೇ ಹೊತ್ತಿಗೆ ಬಂತು. ಮೊದಲು ಸಂಜೆಯ ಕೀರ್ತನೆ, ಆಮೇಲೆ ವಾಚನಗಳು, ಆಮೇಲೆ ಭಾಷಾವಾರು ಗುಂಪುಗಳ ಪೂಜೆ. “ಪ್ರಭುವೇ, ದಯೆತೋರಿ” ಎಂದು ಮೊದಲ ಸಲ ಎಲ್ಲರೂ ಕೂಡಿ ಹೇಳಿದಾಗ ಪಕ್ಕದಲ್ಲಿದ್ದ ಭದ್ರಾವತಿ ಹುಡುಗನ ಕಣ್ಣಲ್ಲಿ ನೀರಾಡಿತು. ಹದಿನೇಳನೆಯ ಶತಮಾನದ ನಡುವಿನಲ್ಲೇ ಲಿಯೊನಾರ್ಡೊ ಚಿನ್ನಾಮಿ ಎಂಬ ಯೇಸುಸಭೆಯ ಗುರು ಶ್ರೀರಂಗಪಟ್ಟಣದಲ್ಲಿ ಕನ್ನಡ ಕಲಿತು ಕನ್ನಡದಲ್ಲಿ ಧರ್ಮೋಪದೇಶ ಬರೆದಿದ್ದರು. ಬಲಿಪೀಠದ ಹತ್ತಿರ ಬರಲು ಕನ್ನಡಕ್ಕೆ ಇನ್ನೂ ಮುನ್ನೂರು ವರ್ಷ ಹಿಡಿದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಉಳಿದ ಕಟ್ಟುಗಳೂ ಬೇಗಬೇಗ ಸಡಿಲವಾದವು. ಕಾಗದ ತೆರೆಯುವುದು ನಿಂತಿತು, ಊಟದ ಓದು ಕಿರಿದಾಯಿತು. 1972ರಲ್ಲಿ ಪೋಪ್ ಆರನೆಯ ಪಾಲ್ ಗುರುದೀಕ್ಷೆಗೆ ಮುಂಚಿನ ಕಿರಿಯ ದೀಕ್ಷೆಗಳನ್ನು ತೆಗೆದುಹಾಕಿದರು. ಅವುಗಳಲ್ಲಿ ಮೊದಲನೆಯದು ದ್ವಾರಪಾಲಕನದು. ಅದರಲ್ಲಿ ಗುಡಿಯ ಬೀಗದಕೈ ಮುಟ್ಟಿಸಿ, ಬಾಗಿಲು ತೆರೆಸಿ, ಗಂಟೆ ಹೊಡೆಸುತ್ತಿದ್ದರು. ನಾನು ಅಷ್ಟರಲ್ಲಿ ಹೊರಬಂದು ಮೇಷ್ಟ್ರಾಗಿದ್ದೆ.

ಈಗ ಅಂಥ ಮನೆಗಳಿಗೆ ಹೋದರೆ ಪೂಜೆ ಕನ್ನಡದಲ್ಲೂ ನಡೆಯುತ್ತದೆ, ಹಾಡಿಗೆ ತಬಲ, ಹಾರ್ಮೋನಿಯಂ ಇವೆ. ತತ್ವಶಾಸ್ತ್ರ, ದೇವಶಾಸ್ತ್ರದ ಪಾಠ ಮಾತ್ರ ಬಹುಪಾಲು ಇಂಗ್ಲಿಷಿನಲ್ಲೇ. ನಾಳೆ ನ್ಯಾಮತಿಯ ರೈತನ ಮನೆಯಲ್ಲಿ ಕೂತು ಸಾವಿನ ಬಗ್ಗೆ, ದೇವರ ಬಗ್ಗೆ ಮಾತಾಡಬೇಕಾದ ಹುಡುಗ ಆ ಮಾತುಗಳನ್ನು ತರಗತಿಯಲ್ಲಿ ಕನ್ನಡದಲ್ಲಿ ಕೇಳಿರುವುದೇ ಇಲ್ಲ. ಭೇಟಿಯಾದ ಪ್ರತಿ ಗುರುಗಳಿಗೂ ನಾನಿದನ್ನು ಹೇಳುತ್ತಲೇ ಬಂದಿದ್ದೇನೆ.