ನೆಟ್ಟನೆಯ ರೇಖೆಯ ಸಾಧನೆ

1858ರಲ್ಲಿ ಜರ್ಮನಿಯ ವೆಟ್ಸ್ಲರ್ ನಗರದ ಪ್ರಾಚೀನ ಇಗರ್ಜಿಯನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬವರನೆಂಬ ತರುಣ ವಾಸ್ತುಶಿಲ್ಪಿಯು ಎತ್ತರದಿಂದ ಬೀಳುವುದರಲ್ಲಿದ್ದು ಹೇಗೋ ಪ್ರಾಣವನ್ನುಳಿಸಿಕೊಂಡನು. ಛಾಯಾಚಿತ್ರದಿಂದಲೇ ಕಟ್ಟಡದ ಅಳತೆಗಳನ್ನು ಪಡೆಯಬಾರದೇಕೆ ಎಂಬ ಆಲೋಚನೆ ಅವನಲ್ಲಿ ಹುಟ್ಟಿದುದು ಆಗಲೇ.

ಆದರೆ ಅಳತೆಗೆ ಆಧಾರವಾಗುವ ಚಿತ್ರವು ಸುಳ್ಳಾಡಬಾರದಷ್ಟೆ. ಇಕ್ಕಟ್ಟಾದ ಬೀದಿಯಲ್ಲಿ ನಿಂತು ಇಡಿಯ ಕಟ್ಟಡವನ್ನು ಹಿಡಿಯಲು ವಿಶಾಲಕೋನದ ಮಸೂರವು ಬೇಕು. ಅಂದಿನ ಸಾಮಾನ್ಯ ಮಸೂರಗಳಲ್ಲಾದರೋ ಚಿತ್ರದ ಅಂಚಿನ ಕಂಬಗಳು ಬಾಗಿ ತೋರುತ್ತಿದ್ದುವು. ಬೆಳಕನ್ನು ಮಿತಗೊಳಿಸುವ ರಂಧ್ರವು ಮಸೂರಕ್ಕಿಂತ ಮುಂದಿದ್ದರೆ ರೇಖೆಗಳು ಪೀಪಾಯಿಯಂತೆ ಹೊರಕ್ಕೆ ಉಬ್ಬುವುವು. ಹಿಂದಿದ್ದರೆ ಒಳಕ್ಕೆ ಬಾಗುವುವು. ಆದುದರಿಂದ ಸಮಾನವಾದ ಎರಡು ಮಸೂರಗಳ ನಡುವೆ ರಂಧ್ರವನ್ನಿರಿಸಿದರೆ, ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುವುದು. 1865ರಲ್ಲಿ ಎಮಿಲ್ ಬುಷ್ ಕಾರ್ಖಾನೆಯಿಂದ ಹೊರಬಂದ ಪ್ಯಾಂಟೊಸ್ಕೋಪ್ ಇಂತಹುದು. ಮೈಡೆನ್‌ಬವರನು ಆರಿಸಿಕೊಂಡುದು ಅದನ್ನೇ. ಮರುವರ್ಷ ಇಂಗ್ಲೆಂಡಿನ ಡಾಲ್‌ಮೆಯರನೂ ಜರ್ಮನಿಯ ಸ್ಟೈನ್‌ಹೈಲನೂ ಇದೇ ತತ್ತ್ವದಿಂದ ಬೇರೆ ಬೇರೆಯಾಗಿ ಮಸೂರಗಳನ್ನು ರಚಿಸಿದರು. ಗೋಡೆಗಳು ಮೇಲಕ್ಕೆ ಹೋದಂತೆ ಒಂದರತ್ತಲೊಂದು ವಾಲಿ ಕಾಣದಿರಲು ಗಾಜಿನ ಫಲಕವನ್ನು ಲಂಬವಾಗಿಯೇ ನಿಲ್ಲಿಸಬೇಕಾಗಿದ್ದಿತು.

ಪ್ರಷ್ಯದ ಸರಕಾರವು 1885ರಲ್ಲಿ ಬರ್ಲಿನ್ನಿನಲ್ಲಿ ಈ ಕಾರ್ಯಕ್ಕಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿ ಮೈಡೆನ್‌ಬವರನ ಕೈಗೊಪ್ಪಿಸಿತು. ಕಾಲಕ್ರಮದಲ್ಲಿ ಅಲ್ಲಿ ಸುಮಾರು 20,000 ಗಾಜಿನ ಫಲಕಗಳು ಕೂಡಿದುವು. 1921ರಲ್ಲಿ ಅವನು ತೀರಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ಆ ನಗರದ ಫ್ರೆಂಚ್ ಇಗರ್ಜಿಯು ಹಾಳಾದಾಗ, ಅದನ್ನು ಮರಳಿ ಕಟ್ಟಿದವರಿಗೆ ಆ ಫಲಕಗಳೇ ಅಳತೆಗೋಲಾದುವು. ಮಸೂರದಲ್ಲಿ ಬಾಗದೆ ನಿಂತ ರೇಖೆಯು ಕಲ್ಲು ಬಿದ್ದ ಮೇಲೂ ಉಳಿದಿದ್ದಿತು.