ಸವದತ್ತಿ–ಕಿತ್ತೂರು ಪರಿಸರದ ಬಡಿಗತನ ಮತ್ತು ಗ್ರಂಥಗಳ ಕಟ್ಟುಹಲಗೆ

ತಾಳೆಗರಿಯ ಗ್ರಂಥವನ್ನು ಕೈಗೆತ್ತಿಕೊಂಡವರ ಬೆರಳಿಗೆ ಮೊದಲು ತಾಗುವುದು ಮರ. ಗರಿಗಳ ಮೇಲೂ ಕೆಳಗೂ ಇಟ್ಟ ಎರಡು ಹಲಗೆಗಳ ದಾರವನ್ನು ಬಿಚ್ಚಿದ ಬಳಿಕವೇ ಅಕ್ಷರದ ದರ್ಶನವಾಗುತ್ತದೆ. ಆದರೆ ನಮ್ಮ ಗ್ರಂಥಸೂಚಿಗಳು ಈ ಹಲಗೆಗಳನ್ನು ದಾಟಿಯೇ ಪ್ರಾರಂಭವಾಗುತ್ತವೆ. ಗ್ರಂಥನಾಮ, ಕರ್ತೃ, ಪತ್ರಸಂಖ್ಯೆ, ಪಂಕ್ತಿಸಂಖ್ಯೆ, ಲಿಪಿ, ಭಾಷೆ, ವಿಷಯ ಇವಿಷ್ಟನ್ನು ನಿಷ್ಠೆಯಿಂದ ನಮೂದಿಸುವ ಸೂಚೀಕಾರರು ಹಲಗೆಯ ಮರ ಯಾವುದು, ಅದನ್ನು ಯಾವ ಹತ್ಯಾರದಿಂದ ರೂಪಿಸಲಾಗಿದೆ ಎಂಬ ಪ್ರಶ್ನೆಗೆ ಒಂದು ಸಾಲನ್ನು ಮೀಸಲಿಡುವುದು ವಿರಳ. ಶಾಸ್ತ್ರಭಂಡಾರಗಳನ್ನು ಕಾಪಾಡಿದ ಹಿರಿಯರ ಶ್ರಮಕ್ಕೆ ಇದರಿಂದ ಕುಂದಿಲ್ಲ. ಅವರ ಮುಂದಿದ್ದ ಮೊದಲ ಕರ್ತವ್ಯ ಅಕ್ಷರವನ್ನು ಉಳಿಸುವುದಾಗಿತ್ತು. ಆದರೆ ಹಲಗೆಯೂ ಒಂದು ದಾಖಲೆಯೆಂಬುದನ್ನು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದ ಬಡಿಗತನದ ಹಿನ್ನೆಲೆಯಲ್ಲಿ ವಿದ್ವಾಂಸರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

1. ನಾಡು ಮತ್ತು ಮರ

ಈ ನಾಲ್ಕೂ ಸ್ಥಳಗಳನ್ನು ಬೆಸೆಯುವುದು ಮಲಪ್ರಭೆಯ ಜಲಾನಯನ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲವನ್ನು ಹಾಯ್ದು, ಒಟ್ಟು 304 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ತಲೆಯ ಭಾಗದಲ್ಲಿ ಸಾಗುವಾನಿ, ಬೀಟೆ, ಮತ್ತಿ, ಹೊನ್ನೆ ಮರಗಳ ಕಾಡು. ಕೆಳಭಾಗದಲ್ಲಿ ಜೋಳ ಹತ್ತಿಗಳನ್ನು ಬೆಳೆಯುವ ಎರೆಹೊಲ. ಕಿತ್ತೂರು ಇವೆರಡರ ಅಂಚಿನಲ್ಲಿದೆ. ಸವದತ್ತಿ, ರಾಮದುರ್ಗಗಳ ಬಯಲಿನಲ್ಲಿ ಸಹಜವಾಗಿ ದೊರೆಯುವ ಮರಗಳೆಂದರೆ ಜಾಲಿ ಮತ್ತು ಬೇವು.

ಮರದ ಈ ಹಂಚಿಕೆಯಿಂದಲೇ ಕಸುಬಿನ ಹಂಚಿಕೆಯೂ ಆಯಿತು. ಬಯಲಿನ ಬಡಿಗನು ಮುಖ್ಯವಾಗಿ ಒಕ್ಕಲುತನದ ಬಡಿಗ. ರಂಟೆ, ಕುಂಟೆ, ಕೂರಿಗೆ, ನೊಗ, ಚಕ್ಕಡಿಯ ಗಾಲಿ ಇವು ಅವನ ನಿತ್ಯದ ಕೆಲಸ. ಗಟ್ಟಿಯಾದ ಜಾಲಿ ಇವುಗಳಿಗೆ ತಕ್ಕ ಮರ. ಆಯಗಾರನಾದ ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ಪಾಲು ಸಲ್ಲುತ್ತಿತ್ತು. ರಾಮದುರ್ಗದ ಕಡೆ ನೇಯ್ಗೆ ಪ್ರಬಲವಾಗಿದ್ದುದರಿಂದ ಮಗ್ಗದ ಕಂಬ, ಲಾಳಿ, ಹಲಗೆಗಳನ್ನು ಒದಗಿಸುವ ಹೊಣೆಯೂ ಬಡಿಗನದೇ. ಕಾಡಿನ ಅಂಚಿನ ಕಿತ್ತೂರಿನಲ್ಲಾದರೋ ಸಾಗುವಾನಿಯ ಕೆತ್ತನೆಗೆ ಅವಕಾಶವಿತ್ತು. 1824ರ ಯುದ್ಧದ ನಂತರ ಹಾಳಾದ ಅರಮನೆಯ ಕೆತ್ತನೆಯ ಬಾಗಿಲು ಕಿಟಕಿಗಳು ಕಿತ್ತೂರಿನ ಸಂಗ್ರಹಾಲಯದಲ್ಲಿವೆ. ಗೋಡೆ ಕುಸಿದರೂ ಮರ ಉಳಿದುದಕ್ಕೆ ಅವು ಸಾಕ್ಷಿ.

2. ಕಲ್ಲಿನಲ್ಲಿ ಉಳಿದ ಬಡಿಗತನ

ಅದಕ್ಕೂ ಹಿಂದಿನ ಮರಗೆಲಸ ಈ ಪರಿಸರದಲ್ಲಿ ಬಹುಮಟ್ಟಿಗೆ ಅಳಿದುಹೋಗಿದೆ. ಆದರೆ ಅದನ್ನು ಬಳಸಿದ ಸಮಾಜದ ಚರಿತ್ರೆ ಶಾಸನಗಳಲ್ಲಿ ಸ್ಪಷ್ಟವಾಗಿದೆ. ಸವದತ್ತಿಯೇ ಶಾಸನೋಕ್ತ ಸುಗಂಧವರ್ತಿ, ರಟ್ಟರ ರಾಜಧಾನಿ. ಕ್ರಿ.ಶ. 875ರ ಕಾಲನಿರ್ದೇಶವುಳ್ಳ ಶಾಸನದಲ್ಲಿ ಪೃಥ್ವೀರಾಮನು ಮೈಳಾಪತೀರ್ಥದ ಕಾರೇಯ ಗಣದ ಇಂದ್ರಕೀರ್ತಿಯ ಶಿಷ್ಯನೆನಿಸಿದ್ದಾನೆ. ಕ್ರಿ.ಶ. 980ರಲ್ಲಿ ಶಾಂತಿವರ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟನು. ಸವದತ್ತಿ ತಾಲೂಕಿನ ಹೂಲಿಯ ಶಾಸನಗಳು ಯಾಪನೀಯ ಸಂಘದ ಆಚಾರ್ಯರನ್ನು ಹೆಸರಿಸುತ್ತವೆ. ಬೈಲಹೊಂಗಲದ ರಾಮಲಿಂಗ ದೇವಾಲಯವು ರಟ್ಟರ ಕಾಲದ್ದೆಂದೂ ಮೂಲತಃ ಬಸದಿಯಾಗಿದ್ದಿರಬೇಕೆಂದೂ ಅಭಿಪ್ರಾಯವಿದೆ. ರಟ್ಟ ನಾಲ್ವಡಿ ಕಾರ್ತವೀರ್ಯನ ಆಶ್ರಯದಲ್ಲಿ ಪಾರ್ಶ್ವಪಂಡಿತನು ಪಾರ್ಶ್ವನಾಥಪುರಾಣವನ್ನು ರಚಿಸಿದನು. ಬಸದಿಗಳಿದ್ದಲ್ಲಿ ಗುರುಗಳು, ಗುರುಗಳಿದ್ದಲ್ಲಿ ಗ್ರಂಥಗಳು, ಗ್ರಂಥಗಳಿದ್ದಲ್ಲಿ ಹಲಗೆಗಳು ಇದ್ದೇ ಇರಬೇಕಷ್ಟೆ.

ಅಳಿದ ಮರಗೆಲಸದ ರೂಪವನ್ನು ಊಹಿಸಲು ಕಲ್ಲೇ ನೆರವಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಿಂದ ಈ ಭಾಗದ ಗುಡಿಬಸದಿಗಳಲ್ಲಿ ಪ್ರಚುರವಾದ ದುಂಡುಕಂಬಗಳು ತಿರುಗಿಸಿ ಕಡೆದವು. ಅವುಗಳ ಬಳೆ, ಗಂಟೆ, ಕಲಶಗಳ ಅಂಚುಗಳು ಮರವನ್ನು ತಿರುಗಿಸಿ ಕಡೆಯುವ ಕಸುಬಿನ ಪರಿಭಾಷೆಯನ್ನೇ ಕಲ್ಲಿನಲ್ಲಿ ಹೇಳುತ್ತವೆ. ನಿಸಿಧಿಗಲ್ಲುಗಳಲ್ಲಿ ಇನ್ನೂ ನೇರವಾದ ಸಾಕ್ಷ್ಯ ದೊರೆಯುತ್ತದೆ. ಅವುಗಳ ಶಿಲ್ಪದಲ್ಲಿ ಉಪದೇಶಿಸುವ ಗುರುವಿನ ಮುಂದೆ ಗ್ರಂಥವನ್ನಿರಿಸುವ ಪೀಠವನ್ನು ಕಾಣಬಹುದು. ಇದೇ ಠವಣೆಕೋಲು. ಸಂಸ್ಕೃತದ ಸ್ಥಾಪನ ಶಬ್ದವು ಪ್ರಾಕೃತದಲ್ಲಿ ಠವಣವಾಗಿ ಕನ್ನಡಕ್ಕೆ ಬಂದಿದೆ. ಮೂಲ ಮರದ ಠವಣೆಗಳು ಹೋಗಿವೆ. ಶಿಲ್ಪಿಯು ಕಂಡು ಕೆತ್ತಿದ ಅವುಗಳ ಆಕಾರ ಉಳಿದಿದೆ.

3. ಓಜ ಮತ್ತು ಬಡಗಿ

ಕಿತ್ತೂರಿನ ಸಮೀಪದ ದೇಗಾವಿಯಲ್ಲಿ ಗೋವೆಯ ಕದಂಬ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದ ನಿರ್ಮಾಪಕ ತಿಪ್ಪೋಜ. ಇಂಥ ಹೆಸರುಗಳ ಕೊನೆಯ ‘ಓಜ’ ಪದವು ಉಪಾಧ್ಯಾಯ ಶಬ್ದದಿಂದ, ಪ್ರಾಕೃತದ ಉವಜ್ಝಾಯ ರೂಪದ ಮೂಲಕ ಬಂದುದೆಂದು ಭಾಷಾವಿದರು ವಿವರಿಸುತ್ತಾರೆ. ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯವರನ್ನು ನಾವು ನಿತ್ಯ ಸ್ಮರಿಸುವುದೂ ಇದೇ ಉವಜ್ಝಾಯ ಶಬ್ದದಿಂದಲೇ. ಶ್ರುತವನ್ನು ಕಲಿಸುವವನಿಗೂ ಉಳಿ ಹಿಡಿಯುವುದನ್ನು ಕಲಿಸುವವನಿಗೂ ನಾಡು ಒಂದೇ ಶಬ್ದವನ್ನು ಸಲ್ಲಿಸಿತು. ಬಡಗಿ, ಬಡಿಗ ಎಂಬ ರೂಪಗಳೂ ವರ್ಧಕಿ ಶಬ್ದದಿಂದ ಪ್ರಾಕೃತದ ಮೂಲಕ ಬಂದವು. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಒಂದಾದ ಸ್ಥಪತಿರತ್ನವನ್ನು ಶ್ವೇತಾಂಬರ ಪರಂಪರೆ ವರ್ಧಕಿರತ್ನವೆಂದೇ ಕರೆಯುತ್ತದೆ. ಭರತನ ದಿಗ್ವಿಜಯದಲ್ಲಿ ನಿಮಗ್ನಾ, ಉನ್ಮಗ್ನಾ ನದಿಗಳಿಗೆ ಸೇತುವೆ ಕಟ್ಟಿ ಸೈನ್ಯವನ್ನು ದಾಟಿಸಿದವನು ಅವನೇ.

ಶಾಸ್ತ್ರದೃಷ್ಟಿಯಿಂದ ಇಲ್ಲಿ ಒಂದು ಸೂಕ್ಷ್ಮವಿದೆ. ಆದಿಪುರಾಣದಲ್ಲಿ ವೃಷಭಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಮಷಿಯೂ ಶಿಲ್ಪವೂ ಅಲ್ಲಿ ಸಮಾನಸ್ಕಂಧವಾಗಿವೆ. ಇನ್ನೊಂದೆಡೆ, ಹೇಮಚಂದ್ರನ ಯೋಗಶಾಸ್ತ್ರ ಮೊದಲಾದ ಶ್ರಾವಕಾಚಾರ ಗ್ರಂಥಗಳು ವರ್ಜ್ಯ ವೃತ್ತಿಗಳೆಂದು ಎಣಿಸುವ ಹದಿನೈದರಲ್ಲಿ ವನಕರ್ಮವೂ ಶಕಟಕರ್ಮವೂ, ಎಂದರೆ ಕಾಡು ಕಡಿಯುವುದೂ ಬಂಡಿ ಮಾಡುವುದೂ ಸೇರಿವೆ. ಆಶಾಧರನ ಸಾಗಾರಧರ್ಮಾಮೃತದಲ್ಲೂ ಈ ವಿಷಯದ ಪ್ರಸ್ತಾಪವಿದೆ. ಮರಗೆಲಸ ಈ ನಾಡಿನಲ್ಲಿ ಪಾಂಚಾಳರ ಕುಲವೃತ್ತಿಯಾಗಿತ್ತು. ಆದುದರಿಂದ ಜೈನರ ಶಾಸ್ತ್ರಭಂಡಾರಕ್ಕೆ ಬೇಕಾದ ಮರದ ಉಪಕರಣಗಳು ಬಹುಮಟ್ಟಿಗೆ ಅನ್ಯಮತೀಯ ಕುಶಲಿಗಳ ಕೈಯಿಂದ ಬಂದಿರಬೇಕೆಂದು ಊಹಿಸುವುದು ಯುಕ್ತ. ದಿಗಂಬರ ಮುನಿಗೆ ವಿಹಿತವಾದ ಉಪಕರಣಗಳು ಮೂರು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಇವುಗಳಲ್ಲಿ ಮರದಿಂದ ಕಡೆದ ಕಮಂಡಲುವಿಗೂ ಶಾಸ್ತ್ರದ ಹಲಗೆಗೂ ಬಡಿಗನೇ ಗತಿ. ಸರ್ವಸ್ವವನ್ನೂ ತ್ಯಜಿಸಿದವರ ಬಳಿಯಲ್ಲಿ ಉಳಿದ ಅತ್ಯಲ್ಪದಲ್ಲಿಯೂ ಅವನ ಕೈಗುರುತಿತ್ತು.

4. ಹಲಗೆಯ ನಿರ್ಮಾಣ ಮತ್ತು ಹತ್ಯಾರಗಳು

ಬಡಿಗನ ಚೀಲದ ಹತ್ಯಾರಗಳು ಕೆಲವೇ: ಕೊಡಲಿ, ಬಾಚಿ, ಗರಗಸ, ಅಗಲ ಕಿರಿದಾದ ಉಳಿಗಳು, ಕೊಡತಿ, ಕೀಸುಳಿ ಅಥವಾ ಹತ್ತರಿ, ಬೈರಿಗೆ, ಅರ, ಮೂಲೆಮಟ್ಟ, ಗೆರೆ ಹಾಕುವ ನೂಲು. ಚಕ್ಕಡಿಯ ಗಾಲಿಗೂ ಗ್ರಂಥದ ಹಲಗೆಗೂ ಇವೇ ಸಾಕು. ವ್ಯತ್ಯಾಸವಿರುವುದು ಕೈಯ ಬಿಗಿಯಲ್ಲಿ.

ಹಲಗೆಗೆ ಬೇಕಾದ ಮೊದಲ ಗುಣ ಬಾಗದಿರುವುದು. ಹಸಿಮರದ ಹಲಗೆ ಒಣಗುತ್ತ ಬಾಗಿದರೆ ಗರಿಗಳೂ ಅದರೊಡನೆ ಬಾಗಿ ಸೀಳುತ್ತವೆ. ಸಾಗುವಾನಿಯು ಬಾಗುವುದು ಕಡಿಮೆ. ಅದರಲ್ಲಿರುವ ತೈಲಾಂಶಕ್ಕೆ ಗೆದ್ದಲು ಸಹಜವಾಗಿಯೇ ಹಿಮ್ಮೆಟ್ಟುತ್ತದೆ. ಜಾಲಿ ಗಟ್ಟಿಯಾದರೂ ಭಾರ ಹೆಚ್ಚು, ಸೀಳುವ ಸ್ವಭಾವವೂ ಉಂಟು. ಬಯಲುಸೀಮೆಯ ಕಟ್ಟೊಂದರಲ್ಲಿ ಸಾಗುವಾನಿಯ ಹಲಗೆ ಕಂಡರೆ ಆ ಮರ ನದಿಯ ಮೇಲ್ಭಾಗದ ಕಾಡಿನಿಂದ ಬಂದಿರುವ ಸಂಭವವಿದೆ. ಕರಾವಳಿಯ ಹಲಸಿನ ಹಲಗೆ ಕಂಡರೆ ಗ್ರಂಥವೇ ಅಲ್ಲಿಂದ ಪಯಣಿಸಿ ಬಂದಿದೆಯೇ ಎಂದು ಪರಿಶೀಲಿಸಬೇಕು. ಗ್ರಂಥಾಂತ್ಯದ ಪ್ರಶಸ್ತಿ ಹೇಳದಿರುವ ಪ್ರಯಾಣವನ್ನು ಹೀಗೆ ಮರ ಹೇಳಬಲ್ಲುದು.

ಗರಗಸದಿಂದ ಸೀಳಿದ ಪಟ್ಟಿಯನ್ನು ಬಾಚಿಯಿಂದ ಸವರಿ, ಕೀಸುಳಿಯಿಂದ ನಯಮಾಡಿ, ಗರಿಯ ಉದ್ದಗಲಕ್ಕೆ ಸರಿಯಾಗಿ ಕತ್ತರಿಸಬೇಕು. ಹೊರಮೈಯ ಅಂಚನ್ನು ಇಳಿಜಾರಾಗಿ ತೆಗೆದರೆ ದಾರ ಹರಿಯುವುದಿಲ್ಲ. ಅತ್ಯಂತ ಎಚ್ಚರದ ಕೆಲಸ ರಂಧ್ರ ಕೊರೆಯುವುದು. ಬಿಲ್ಲಿನ ಹುರಿಯಿಂದ ತಿರುಗಿಸುವ ಬೈರಿಗೆಯನ್ನು ನೆಟ್ಟಗೆ ಹಿಡಿಯದಿದ್ದರೆ ರಂಧ್ರ ಓರೆಯಾಗುತ್ತದೆ. ಓರೆಯಾದ ರಂಧ್ರದ ಮೂಲಕ ಎಳೆದ ದಾರ ಪ್ರತಿಯೊಂದು ಬಾರಿ ಬಿಚ್ಚಿ ಕಟ್ಟುವಾಗಲೂ ಗರಿಯ ತೂತನ್ನು ಒಂದೇ ಮಗ್ಗುಲಿಗೆ ಸವೆಸುತ್ತದೆ. ಆ ಸವೆತ ಮುಂದುವರಿದರೆ ಸಮೀಪದ ಅಕ್ಷರಗಳಿಗೂ ಹಾನಿ. ಹಲಗೆಗಳು ಸಮವಾಗಿ ಒತ್ತಿದ ಕಟ್ಟಿನಲ್ಲಿ ಕೀಟಕ್ಕೆ ಎಡೆಯಿಲ್ಲ; ಎಡೆಯಿಲ್ಲದೆಡೆ ಕೀಟವನ್ನು ಕೊಲ್ಲುವ ಪ್ರಸಂಗವೂ ಇಲ್ಲ. ಶ್ರುತರಕ್ಷೆಯೂ ಜೀವರಕ್ಷೆಯೂ ಇಲ್ಲಿ ಒಂದೇ ಕುಶಲತೆಯಿಂದ ಸಾಧಿತವಾಗಿವೆ.

ಮಡಿಸುವ ವ್ಯಾಸಪೀಠದ ರಚನೆ ಇದಕ್ಕಿಂತ ಕಠಿಣ. ಒಂದೇ ಹಲಗೆಯನ್ನು ದಪ್ಪದ ನಡುವೆ ಎರಡಾಗಿ ಸೀಳುತ್ತ, ಮಧ್ಯದಲ್ಲಿ ಬೆರಳುಗಳಂತೆ ಹೆಣೆದ ಕೀಲನ್ನು ಉಳಿಯಿಂದ ಬಿಡಿಸುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ, ಒಂದು ಏಟು ತಪ್ಪಿದರೆ ಹಲಗೆಯೇ ವ್ಯರ್ಥ.

5. ಹತ್ಯಾರದ ಗುರುತುಗಳನ್ನು ಓದುವ ಬಗೆ

ಲಿಪಿಯನ್ನು ಓದುವಂತೆ ಹಲಗೆಯ ಒಳಮೈಯನ್ನೂ ಓದಬಹುದು. ಬಾಚಿಯ ಗುರುತು ಆಳವಿಲ್ಲದ ಬಟ್ಟಲುಗಳ ಸಾಲಿನಂತಿರುತ್ತದೆ. ಕೀಸುಳಿಯದು ಉದ್ದನೆಯ ಸಮತಲದ ಪಟ್ಟೆ. ಕೈಗರಗಸದ ಗೀರುಗಳು ನೇರವಾಗಿದ್ದರೂ ಓರೆಕೋರೆ, ಅಂತರವೂ ಅಸಮ. ಬಿಲ್ಲಿನಾಕಾರದ ಸಮಾನಾಂತರ ಗೀರುಗಳು ಕಂಡರೆ ಅದು ಯಂತ್ರದ ಸುತ್ತುಗರಗಸದಿಂದ ಕೊಯ್ದ ಮರ. ಹಳೆಯ ಗ್ರಂಥಕ್ಕೆ ಅಂತಹ ಹಲಗೆಯಿದ್ದರೆ ಅದು ನಂತರ ಸೇರಿಸಿದ್ದೆಂದು ನಿಶ್ಚಯಿಸಬಹುದು. ರಂಧ್ರದ ಒಳಗೋಡೆ ಕರಿಯಾಗಿದ್ದರೆ ಕಾಯಿಸಿದ ಸಲಾಕೆಯಿಂದ ಸುಟ್ಟದ್ದು. ಸುರುಳಿ ಗೀರುಗಳಿದ್ದರೆ ಬೈರಿಗೆಯದು. ಹಲಗೆಯ ರಂಧ್ರಗಳ ಅಂತರವೂ ಗರಿಯ ರಂಧ್ರಗಳ ಅಂತರವೂ ಹೊಂದದಿದ್ದರೆ ಆ ಹಲಗೆ ಬೇರೊಂದು ಗ್ರಂಥದ್ದು. ಆಗ ಭಂಡಾರದಲ್ಲಿ ಆ ಅಳತೆಯ ಗರಿಗಳಿರುವ ಬಿಡಿಕಟ್ಟನ್ನು ಹುಡುಕಲು ಆಧಾರ ಸಿಕ್ಕಂತಾಯಿತು.

ಹಲಗೆಗೆ ಬೆಲೆ ಕೊಟ್ಟಲ್ಲಿ ಎಂತಹ ಚರಿತ್ರೆ ದೊರೆಯುವುದೆಂಬುದಕ್ಕೆ ಪಶ್ಚಿಮ ಭಾರತದ ಚಿತ್ರಿತ ‘ಪಾಟಲಿ’ಗಳು ನಿದರ್ಶನ. 1125ರಲ್ಲಿ ಅಣಹಿಲಪಾಟಕದ ಸಿದ್ಧರಾಜ ಜಯಸಿಂಹನ ಸಭೆಯಲ್ಲಿ ಶ್ವೇತಾಂಬರಾಚಾರ್ಯ ದೇವಸೂರಿಗೂ ದಿಗಂಬರ ವಿದ್ವಾಂಸ ಕುಮುದಚಂದ್ರನಿಗೂ ನಡೆದ ವಾದವು ಇಂತಹ ಒಂದು ಜೋಡಿ ಹಲಗೆಯ ಮೇಲೆ ಚಿತ್ರಿತವಾಗಿದೆ. ಕುಮುದಚಂದ್ರನು ಕರ್ನಾಟಕದಿಂದ ಹೋದವನು. ಸಿದ್ಧರಾಜನ ತಾಯಿ ಮಯಣಲ್ಲದೇವಿಯು ಗೋವೆಯ ಕದಂಬ ಜಯಕೇಶಿಯ ಮಗಳು. ದೇಗಾವಿಯ ದೇಗುಲವನ್ನು ಕಟ್ಟಿಸಿದುದು ಇದೇ ಕದಂಬ ಮನೆತನ. ವಾದದ ಜಯಾಪಜಯ ಇಲ್ಲಿ ನಮ್ಮ ವಿಷಯವಲ್ಲ. ಕನ್ನಡನಾಡಿನ ವಿದ್ವಾಂಸನೊಬ್ಬನ ಚಿತ್ರ 12ನೆಯ ಶತಮಾನದ ಘಟನೆಯ ಸ್ಮೃತಿಯಾಗಿ ನಮಗೆ ಉಳಿದುಬಂದಿರುವುದು ಗ್ರಂಥದ ಒಂದು ಜೊತೆ ಹಲಗೆಯಿಂದ ಎಂಬುದಷ್ಟೇ ಮುಖ್ಯ. ಆ ಹಲಗೆಗಳನ್ನು ಬಿಸುಟು ಹೊಸ ಹಲಗೆ ಕಟ್ಟಿದ್ದರೆ ಅದೂ ಇರುತ್ತಿರಲಿಲ್ಲ.

6. ಮಾಡಬೇಕಾದುದು

ಹಾಗೆ ಬಿಸುಡುವ ಕೆಲಸ ನಮ್ಮಲ್ಲಿ ಸದ್ದಿಲ್ಲದೆ ನಡೆದಿದೆ. ಗ್ರಂಥಗಳನ್ನು ಶುಚಿಗೊಳಿಸುವ ಸದುದ್ದೇಶದಿಂದಲೇ ಮಾಸಿದ ಹಲಗೆಗಳನ್ನು ತೆಗೆದು ಪ್ಲೈವುಡ್ಡಿನ ತುಂಡುಗಳನ್ನೋ ರಟ್ಟನ್ನೋ ಇಡುವುದುಂಟು. ಛಾಯಾಚಿತ್ರಣ, ಗಣಕೀಕರಣಗಳಲ್ಲಿಯೂ ಗರಿಗಳ ಚಿತ್ರ ತೆಗೆದು ಹಲಗೆಯನ್ನು ಪಕ್ಕಕ್ಕಿಡುವ ರೂಢಿಯಿದೆ. ಇತ್ತ ಹಳ್ಳಿಗಳಲ್ಲಿ ಮರದ ಕೂರಿಗೆ ಚಕ್ಕಡಿಗಳ ಸ್ಥಾನವನ್ನು ಕಬ್ಬಿಣವೂ ಟ್ರ್ಯಾಕ್ಟರೂ ಪಡೆದ ಮೇಲೆ ಬಾಚಿಯ ಗುರುತನ್ನು ನೋಡಿದೊಡನೆ ಗುರುತಿಸಬಲ್ಲ ಬಡಿಗರೂ ಕಡಿಮೆಯಾಗುತ್ತಿದ್ದಾರೆ. ಹಲಗೆಯೂ ಹೋಗಿ, ಅದನ್ನು ಓದಬಲ್ಲವನೂ ಹೋದರೆ ಈ ಅಧ್ಯಾಯ ಮುಗಿದಂತೆಯೇ.

ಆದ್ದರಿಂದ ಸೂಚೀಕಾರರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಪ್ರತಿಯೊಂದು ಕಟ್ಟಿನ ವಿವರದಲ್ಲಿ ಹಲಗೆಯ ಉದ್ದ, ಅಗಲ, ದಪ್ಪ, ಮರದ ಜಾತಿ, ರಂಧ್ರಗಳ ಸಂಖ್ಯೆ ಮತ್ತು ಅಂತರ, ಹತ್ಯಾರದ ಗುರುತು, ಬರಹ ಅಥವಾ ಚಿತ್ರವಿದ್ದರೆ ಅದರ ವಿವರ ಎಂಬ ಐದು ಅಂಶಗಳನ್ನು ಸೇರಿಸಬೇಕು. ಬದಲಾಯಿಸಲೇಬೇಕಾದ ಹಳೆಯ ಹಲಗೆಗೆ ಗ್ರಂಥದ ಕ್ರಮಸಂಖ್ಯೆಯನ್ನು ಕಟ್ಟಿ ಪ್ರತ್ಯೇಕವಾಗಿ ಇರಿಸಬೇಕು. ಮರದ ಜಾತಿಯ ಬಗ್ಗೆ ಸಂದೇಹವಿದ್ದಲ್ಲಿ ಊರಿನ ಹಿರಿಯ ಬಡಿಗರನ್ನು ಭಂಡಾರಕ್ಕೆ ಕರೆದು ಕೇಳುವುದರಲ್ಲಿ ಸಂಕೋಚವಿರಬಾರದು.

ಖಂಡೇನವಮಿಯಂದು ಬಡಿಗನು ಬಾಚಿ ಉಳಿಗಳನ್ನು ತೊಳೆದು ಪೂಜಿಸುತ್ತಾನೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ನಾವು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತೇವೆ. ಬರುವ ಶ್ರುತಪಂಚಮಿಯಂದು ವಸ್ತ್ರ ಬಿಚ್ಚಿದಾಗ ಹಲಗೆಯನ್ನು ಒಮ್ಮೆ ಮಗುಚಿ ಅದರ ಒಳಮೈಯನ್ನು ನೋಡುವ ಕೃಪೆ ಮಾಡಬೇಕು. ಶ್ರುತವನ್ನು ಕಾಯ್ದ ಇನ್ನೊಬ್ಬ ಓಜನ ಹಸ್ತಾಕ್ಷರ ಅಲ್ಲಿದೆ.