ಬಾಳಿಕೆಯ ಹಂತ, ಬಣ್ಣದ ಹಂತ: ಸಾಂಗಲಿ–ಮಿರಜ ಸೀಮೆಯ ಮಕ್ಕಳ ಊಟ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಮಕ್ಕಳಿಗೆ ಸಂಸ್ಕರಿಸದ ಆಹಾರ ಕೊಡಬೇಕೆಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಸಾಂಗಲಿ ಜಿಲ್ಲೆಯ ಅಡುಗೆಮನೆಯಲ್ಲಿ ನಿಂತು ನೋಡಿದರೆ ಈ ಮಾತು ಸಾಲದು. ಜೋಳವನ್ನು ಬೀಸದೆ ರೊಟ್ಟಿಯಿಲ್ಲ. ಅರಿಷಿಣವನ್ನು ಕುದಿಸಿ ಒಣಗಿಸದೆ ಪುಡಿಯಿಲ್ಲ. ದ್ರಾಕ್ಷಿ ಒಣಗದೆ ವರ್ಷವಿಡೀ ಉಳಿಯದು, ಕಬ್ಬಿನ ಹಾಲು ಕಾಯದೆ ಬೆಲ್ಲವಾಗದು. ಈ ಸೀಮೆಯ ಹೆಸರಾದ ಬೆಳೆಗಳೆಲ್ಲ ಒಂದಲ್ಲ ಒಂದು ಸಂಸ್ಕರಣೆಯನ್ನು ದಾಟಿಯೇ ತಾಟಿಗೆ ಬರುತ್ತವೆ. ಹೀಗಿರುವಾಗ ಯಾವ ಸಂಸ್ಕರಣೆ ಮಗುವಿಗೆ ಹಿತ, ಯಾವುದು ಅಹಿತ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಟಿಪ್ಪಣಿಯ ವಾದ ಇಷ್ಟು: ಬಾಳಿಕೆಗಾಗಿ ಅಥವಾ ಅರಗುವುದಕ್ಕಾಗಿ ಮಾಡಿದ ಸಂಸ್ಕರಣೆಯನ್ನೂ ನೋಟಕ್ಕಾಗಿ, ಮುಖ್ಯವಾಗಿ ಬಣ್ಣಕ್ಕಾಗಿ, ಮಾಡಿದ ಸಂಸ್ಕರಣೆಯನ್ನೂ ಬೇರೆ ಬೇರೆಯಾಗಿ ತೂಗಬೇಕು. ಒಣದ್ರಾಕ್ಷಿ, ಅರಿಷಿಣ, ಬೆಲ್ಲ ಮೂರರಲ್ಲೂ ಅಪಾಯ ಒಳಹೊಗುವ ಬಾಗಿಲು ಎರಡನೆಯದು.

ವ್ಯಾಪ್ತಿಯ ಬಗ್ಗೆ ಒಂದು ಮಾತು. ಮಿರಜ ತಾಲೂಕು ಕೃಷ್ಣೆಯ ನೀರಾವರಿ ಸೀಮೆ. ಪೂರ್ವದ ಜತ್ತ ತಾಲೂಕು ಮಳೆ ಕಡಿಮೆಯಿರುವ ಎರೆನೆಲದ ಬಯಲು. ಜತ್ತದಲ್ಲೇ ವಿಜಯಪುರ ಜಿಲ್ಲೆಗೆ ಹೊಂದಿಕೊಂಡ ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ. ಅಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ವಿಜಯಪುರ, ಅಥಣಿ ಕಡೆಯ ರೈತರ ಒಣದ್ರಾಕ್ಷಿ ತಾಸಗಾಂವ ಮತ್ತು ಸಾಂಗಲಿಯ ಹರಾಜಿಗೆ ಬರುತ್ತದೆ. ಬೆಳಗಾವಿ ಜಿಲ್ಲೆಯ ಅರಿಷಿಣವೂ ಸಾಂಗಲಿ ಪೇಟೆಗೇ ಬರುತ್ತದೆ. ಆದ್ದರಿಂದ ಇಲ್ಲಿನ ಆಹಾರದ ವಿಚಾರ ಮಹಾರಾಷ್ಟ್ರ–ಕರ್ನಾಟಕ ಗಡಿಯ ಎರಡೂ ಮಗ್ಗುಲಿಗೆ ಸೇರಿದ್ದು.

2. ಇರುವ ಅಳತೆಗೋಲು

ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಮುಂದಿಟ್ಟ ವಿಚಾರದಿಂದ ‘ನೋವಾ’ ವರ್ಗೀಕರಣ ಬೆಳೆಯಿತು. ಅದರಲ್ಲಿ ನಾಲ್ಕು ಗುಂಪು: ಸಂಸ್ಕರಿಸದ ಅಥವಾ ಅಲ್ಪ ಸಂಸ್ಕರಿಸಿದ ಆಹಾರ; ಎಣ್ಣೆ, ಸಕ್ಕರೆ, ಉಪ್ಪಿನಂಥ ಅಡುಗೆಯ ಸಾಮಗ್ರಿ; ಸಂಸ್ಕರಿಸಿದ ಆಹಾರ; ಅತಿಸಂಸ್ಕರಿತ ಆಹಾರ. ಕೊನೆಯ ಗುಂಪಿನ ಕುರಿತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. 20 ವಯಸ್ಕರಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಅಲ್ಪ ಸಂಸ್ಕರಿತ ಆಹಾರ ಕೊಟ್ಟು, ಎಷ್ಟು ಬೇಕೋ ಅಷ್ಟು ತಿನ್ನಲು ಬಿಟ್ಟರು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ತೂಕ ಸರಾಸರಿ 0.9 ಕಿಲೊ ಏರಿತು. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯೂ ಇಂಥ ಆಹಾರವನ್ನು ಆದಷ್ಟು ಕಡಿಮೆ ಮಾಡಲು ಹೇಳಿದೆ.

ನೋವಾ ಉಪಯುಕ್ತ. ಆದರೆ ಅದರ ಲೆಕ್ಕದಲ್ಲಿ ಜೋಳದ ಹಿಟ್ಟು, ಒಣದ್ರಾಕ್ಷಿ, ಅರಿಷಿಣ ಪುಡಿ ಮೊದಲ ಗುಂಪಿಗೂ ಬೆಲ್ಲ ಎರಡನೆಯದಕ್ಕೂ ಸೇರಿಬಿಡುತ್ತವೆ. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಈ ಸೀಮೆಯ ತಾಯಂದಿರಿಗೆ ಬೇಕಾದ ಸೂಕ್ಷ್ಮ ವಿವೇಚನೆ ಶುರುವಾಗುವುದು ಅಲ್ಲಿಂದಲೇ.

3. ಜೋಳ: ಮನೆಯ ಹತ್ತಿರವೇ ಉಳಿದ ಧಾನ್ಯ

ಜತ್ತ ಸೀಮೆಯ ಹಿಂಗಾರಿ ಜೋಳ ಎಂದರೆ ಬಹುಮಟ್ಟಿಗೆ ಮಾಲದಂಡಿ. ಇದರ ಎಂ 35-1 ತಳಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದದ್ದು. ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಂಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಂಗೂ ಕಡಿಮೆ.

ಇಡೀ ಕಾಳು ಬೀಸಿದ ಹಿಟ್ಟಿನಲ್ಲಿ ಮೊಳಕೆಯ ಭಾಗದ ಕೊಬ್ಬೂ ಇರುವುದರಿಂದ ಅದು ಬೇಗ ಕಮಟುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಹೀಗಾಗಿ ಮನೆಮಂದಿ ಜೋಳ ಹಸನು ಮಾಡಿ, ಬೇಕಾದಷ್ಟನ್ನೇ ಓಣಿಯ ಗಿರಣಿಯಲ್ಲಿ ಬೀಸಿಸಿಕೊಂಡು ಬರುತ್ತಾರೆ. ಬಹುಕಾಲ ಅಂಗಡಿಯ ಕಪಾಟಿನಲ್ಲಿ ಕೂಡಲಾರದ ಈ ಗುಣವೇ ಜೋಳವನ್ನು ಮನೆಯ ಕಣ್ಣಳತೆಯಲ್ಲಿ ಉಳಿಸಿದೆ. ಹಿಟ್ಟಿಗೆ ಎಸರು ಹೊಯ್ದು ನಾದುವುದು ಜಿಗಿಗಾಗಿ. ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿ ಖಡಕ್ ರೊಟ್ಟಿ ಮಾಡುವುದು ವಾರಗಟ್ಟಲೆ ಬಾಳಲೆಂದು. ಚಳಿಗಾಲದಲ್ಲಿ ಹಾಲುಗಾಳಿನ ತೆನೆ ಸುಟ್ಟು ತಿನ್ನುವ ಸೀತನಿ, ನಾಗರಪಂಚಮಿಯ ಜೋಳದ ಅರಳು, ಆ ಅರಳು ಬೀಸಿದ ಅಳ್ಳಿಟ್ಟು, ನುಚ್ಚು, ಅಂಬಲಿ: ಇವುಗಳಲ್ಲಿ ಒಂದು ಹಂತವೂ ನೋಟಕ್ಕಾಗಿ ಮಾಡಿದ್ದಲ್ಲ.

ಆದರೂ ಜೋಳವೊಂದೇ ಸಾಕೆಂದು ಹೇಳಿದರೆ ತಪ್ಪಾಗುತ್ತದೆ. ದಖ್ಖನಿನ ಬಡ ಕೂಲಿಕಾರರಲ್ಲಿ ಕಂಡ, ನಯಾಸಿನ್ ಜೀವಸತ್ವದ ಕೊರತೆಯ ಪೆಲ್ಲಾಗ್ರ ರೋಗಕ್ಕೂ ಜೋಳದ ಏಕಮುಖ ಊಟಕ್ಕೂ ಇರುವ ನಂಟನ್ನು ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಹೈದರಾಬಾದಿನಲ್ಲಿ 1960ರ ಹೊತ್ತಿಗೆ ಎತ್ತಿ ತೋರಿಸಿದರು. ಅದಲ್ಲದೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೊ ಆಮ್ಲ ಕಡಿಮೆ. ನೀರಿನಲ್ಲಿ ಬೇಯಿಸಿದಾಗ ಆ ಪ್ರೋಟೀನು ಅರಗುವುದು ಇನ್ನಷ್ಟು ಕುಗ್ಗುತ್ತದೆ, ಹುಳಿ ಬರಿಸಿದಾಗ ಸುಧಾರಿಸುತ್ತದೆ. ಹುದುಗಿಸಿದ ಅಂಬಲಿಗೆ ಇದೇ ಆಧಾರ. ರೊಟ್ಟಿಯ ಪಕ್ಕದ ಬೇಳೆ, ಮೊಳಕೆ ಹೆಸರು, ಶೇಂಗಾ ಹಿಂಡಿ, ಅಗಸಿ ಚಟ್ನಿ, ಪುಂಡಿಪಲ್ಯ, ಮೊಸರು ಬರಿಯ ನಂಚಿಕೆಯಲ್ಲ. ಜೋಳದ ಕೊರತೆ ತುಂಬುವವು ಅವೇ. ಮೇಲೆ ಹಿಂಡಿದ ನಿಂಬೆಯ ಹುಳಿ ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಬಡತನದಲ್ಲಿ ಮೊದಲು ಮಾಯವಾಗುವುದು ರೊಟ್ಟಿಯಲ್ಲ, ಈ ಪಕ್ಕದ ಪದಾರ್ಥಗಳು. ಮಕ್ಕಳ ಪೋಷಣೆಯ ಚಿಂತೆ ಇರುವವರು ಅವುಗಳ ಮೇಲೆಯೇ ಕಣ್ಣಿಡಬೇಕು.

4. ಮೂರು ಪೇಟೆ ಸರಕು

ಒಣದ್ರಾಕ್ಷಿ. ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಸೂಚಿಕೆ ಬಂತು. ಮೂಲ ಥಾಮ್ಸನ್ ಬೀಜರಹಿತ ತಳಿ. ಅದರಿಂದ ತಾಸಗಾಂವ ಸೀಮೆಯಲ್ಲೇ ಆಯ್ದ ತಾಸ-ಎ-ಗಣೇಶ ಇಲ್ಲಿನ ಹೆಮ್ಮೆ. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಹಂತಹಂತದ ಜಾಳಿಗೆಗಳ ಮೇಲೆ ಹರಡುತ್ತಾರೆ. ಅದ್ದುವುದರಿಂದ ಹಣ್ಣಿನ ಮೇಲಿನ ಮೇಣದ ಪದರ ಸಡಿಲಗೊಂಡು ಎರಡು ವಾರದ ಆಸುಪಾಸಿನಲ್ಲಿ ಹಣ್ಣು ಒಣಗುತ್ತದೆ; ತಡವಾದರೆ ಬೂಷ್ಟು. ಸುಮಾರು 4 ಕಿಲೊ ಹಸಿ ದ್ರಾಕ್ಷಿಗೆ 1 ಕಿಲೊ ಒಣದ್ರಾಕ್ಷಿ. ಇಲ್ಲಿಯವರೆಗಿನದು ಬಾಳಿಕೆಯ ಕೆಲಸ. ಇದರ ಮೇಲೆ ಹೊಂಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡುವ ರೂಢಿಯುಂಟು. ಆ ಹೊಗೆ ಹುಳವನ್ನೂ ತಡೆಯುತ್ತದೆ ನಿಜ. ಆದರೆ ಚೆನ್ನಾಗಿ ಒಣಗಿಸಿ ತಂಪು ಜಾಗದಲ್ಲಿ ಗಾಳಿಯಾಡದಂತೆ ಇಟ್ಟ ಹಣ್ಣು ಅದಿಲ್ಲದೆಯೂ ಬಾಳುತ್ತದೆ. ಉಳಿದ ಗಂಧಕದ ಡೈಆಕ್ಸೈಡು ಉಬ್ಬಸವಿರುವ ಮಕ್ಕಳಲ್ಲಿ ಉಸಿರಾಟದ ತೊಂದರೆ ಕೆರಳಿಸಬಲ್ಲದು. ಬಿ1 ಜೀವಸತ್ವವನ್ನೂ ಕೆಡಿಸುತ್ತದೆ. ಪೇಟೆಯಲ್ಲಿ ಹೆಚ್ಚು ಬೆಲೆ ಹಳದಿಗೆ. ಮಗುವಿಗೆ ಒಳ್ಳೆಯದು ಕಂದು.

ಅರಿಷಿಣ. ಸಾಂಗಲಿ ಅರಿಷಿಣಕ್ಕೆ 2018ರಲ್ಲಿ ಸೂಚಿಕೆ ದೊರೆಯಿತು. ಕೃಷ್ಣೆ–ವಾರಣೆಯರ ಸಂಗಮದ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ಕಾಪಿಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗೆ ಗಾಳಿ ತೀರಿ ಹುಳ ಉಳಿಯುವುದಿಲ್ಲ. ಯಾವ ಔಷಧವೂ ಬೇಡದ ಈ ಸಂಗ್ರಹ ವಿಧಾನ ನಮ್ಮ ಆಹಾರ ಚರಿತ್ರೆಯ ದೊಡ್ಡ ಜಾಣ್ಮೆಗಳಲ್ಲಿ ಒಂದು. 2005ರ ಪ್ರವಾಹದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಕುದಿಸುವುದು, ಒಣಗಿಸುವುದು, ಹಗೇವಿಗೆ ಹಾಕುವುದು ಬಾಳಿಕೆಗಾಗಿ. ಕೊಂಬನ್ನು ತಿರುಗುವ ಡ್ರಮ್ಮಿನಲ್ಲಿ ಉಜ್ಜಿ ಪಾಲಿಶ್ ಮಾಡುವುದು ಬಹುಪಾಲು ನೋಟಕ್ಕಾಗಿ. ಬಾಂಗ್ಲಾದೇಶದ ಅನುಭವ ಇಲ್ಲಿ ಪಾಠವಾಗಬೇಕು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ 1980ರ ದಶಕದ ಪ್ರವಾಹದಲ್ಲಿ ನೆನೆದು ಮಂಕಾದ ಅರಿಷಿಣಕ್ಕೆ ಮೆರುಗು ಕೊಡಲು ಪಾಲಿಶ್ ಮಾಡುವವರು ಸೀಸದ ಕ್ರೋಮೇಟ್ ಬಳಸತೊಡಗಿದರು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ; ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ಅಲ್ಲಿನ ಸರ್ಕಾರ ಕೈಹಾಕಿ ಪರೀಕ್ಷೆ, ದಂಡ, ತಿಳಿವಳಿಕೆ ಮೂರನ್ನೂ ನಡೆಸಿದ ಮೇಲೆ ಸೀಸ ಕಂಡ ಮಾದರಿಗಳ ಪಾಲು 2019ರ ಶೇ. 47ರಿಂದ 2021ರಲ್ಲಿ ಸೊನ್ನೆಗೆ ಇಳಿಯಿತು. ಸಾಂಗಲಿಯ ವ್ಯಾಪಾರಿಗಳ ಮೇಲೆ ಇದು ಆರೋಪವಲ್ಲ. ಇಷ್ಟು ದೊಡ್ಡ ಪೇಟೆ ಯಾವ ಹಂತವನ್ನು ಕಾಯಬೇಕೆಂಬುದರ ಸೂಚನೆ. ಪಾಲಿಶ್ ಆಗದ ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸುವ ಮನೆಯ ಪದ್ಧತಿ ಆ ಹಂತವನ್ನೇ ತಪ್ಪಿಸಿಬಿಡುತ್ತದೆ.

ಬೆಲ್ಲ. ಕೊಲ್ಲಾಪುರದ ಬೆಲ್ಲಕ್ಕೆ 2014ರಲ್ಲಿ ಸೂಚಿಕೆ ಸಿಕ್ಕಿತು. ಸಾಂಗಲಿಯೂ ಹಳೆಯ ಬೆಲ್ಲದ ಪೇಟೆ. ಗಾಣದಲ್ಲಿ ಬೆಂಡೆಗಿಡದ ಲೋಳೆ ಹಾಕಿ ಹೊಲಸು ತೆಗೆಯುವುದು ಶುದ್ಧಿಯ ಕೆಲಸ. ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕಿ ತಿಳಿಹಳದಿ ಮಾಡುವುದು ಬಣ್ಣದ ಕೆಲಸ. ಕಪ್ಪು ಬೆಲ್ಲವನ್ನು ಆಯ್ದುಕೊಳ್ಳುವುದು ಒಳ್ಳೆಯದೇ. ಆದರೆ ಬೆಲ್ಲವೂ ಸಕ್ಕರೆಯೇ ಎಂಬುದನ್ನು ಬಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ದಿನದ ಒಟ್ಟು ಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಹಿತ. ಬೆಲ್ಲ ಆ ಲೆಕ್ಕದ ಒಳಗೇ ಬರುತ್ತದೆ.

5. ಮಗುವಿನ ತಾಟು

ಆರು ತಿಂಗಳು ತುಂಬುವವರೆಗೆ ತಾಯಿಹಾಲು ಮಾತ್ರ. ಆಮೇಲಿನ ಮೆತ್ತನೆಯ ಊಟಕ್ಕೆ ಈ ಸೀಮೆಯಲ್ಲಿ ಜೋಳದ ನುಚ್ಚು, ಬೇಳೆಕಟ್ಟು, ಹಿಸುಕಿದ ತರಕಾರಿ, ಒಂದು ಚಮಚ ತುಪ್ಪ ಕೈಗೆಟಕುತ್ತವೆ. ಮೊಳಕೆ ಬರಿಸಿ ಒಣಗಿಸಿ ಬೀಸಿದ ಹಿಟ್ಟಿನ ಗಂಜಿ ತೆಳ್ಳಗಾಗುವುದರಿಂದ ಪುಟ್ಟ ಹೊಟ್ಟೆಯಲ್ಲಿ ಹೆಚ್ಚು ಆಹಾರ ಹಿಡಿಸುತ್ತದೆ. ಬರೋಡಾ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಈ ವಿಧಾನದ ಮೇಲೆ ಬಹುಕಾಲ ಕೆಲಸ ಮಾಡಿದರು. ಆದರೆ ಇದಕ್ಕೆ ರಾಗಿ, ಹೆಸರು ತಕ್ಕವು. ಜೋಳಕ್ಕೆ ಎಚ್ಚರ ಬೇಕು. ಎಳೆ ಜೋಳದ ಬೆಳೆ ಮೇಯ್ದ ದನಕ್ಕೆ ವಿಷವೇರುವುದು ರೈತರಿಗೆ ಗೊತ್ತು. ಅದಕ್ಕೆ ಕಾರಣವಾದ, ಸೈನೈಡ್ ಬಿಡುವ ಧುರಿನ್ ಜೋಳದ ಮೊಳಕೆಯಲ್ಲೂ ಇದೆ. ಆದ್ದರಿಂದ ಮೊಳಕೆ ಜೋಳವನ್ನು ಮಗುವಿಗೆ ಹಸಿಯಾಗಿ ಕೊಡಲೇಬಾರದು. ಒಣದ್ರಾಕ್ಷಿಯನ್ನೂ ಚಿಕ್ಕ ಮಕ್ಕಳಿಗೆ ಇಡಿಯಾಗಿ ಕೊಡದೆ ತೊಳೆದು, ನೆನೆಸಿ, ಕಿವುಚಿ ಕೊಡಬೇಕು. ಗಂಟಲಿಗೆ ಸಿಕ್ಕುವ ಭಯವಿದೆ.

ಶಾಲೆಯ ಬಿಸಿಯೂಟದಲ್ಲಿ 1ರಿಂದ 5ನೆಯ ತರಗತಿಯ ಮಗುವಿಗೆ 450 ಕಿಲೊಕ್ಯಾಲರಿ, 12 ಗ್ರಾಂ ಪ್ರೋಟೀನು ಇರಬೇಕೆಂಬುದು ನಿಯಮ. ಮಹಾರಾಷ್ಟ್ರದಲ್ಲಿ ಅದು ಬಹುಪಾಲು ಅಕ್ಕಿಯ ಖಿಚಡಿಯಾಗಿ ಬರುತ್ತದೆ. ಜೋಳದ ಹೊಲದ ನಡುವಿನ ಜತ್ತದ ಶಾಲೆಯ ಮಗುವಿಗೂ ಅದೇ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಗೌರವ ಜತ್ತದ ಶಾಲೆಯ ತಾಟಿಗೂ ಇಳಿಯಬೇಕು. ಶಾಲೆಯ ಹೊರಗೆ ಬಣ್ಣದ ಪೊಟ್ಟಣಗಳ ಸರ ತೂಗುತ್ತಿರುತ್ತದೆ. 2020ರ ಆಹಾರ ಸುರಕ್ಷತಾ ನಿಯಮಾವಳಿ ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆನ್ನುತ್ತದೆ. ಆ ಪೊಟ್ಟಣಕ್ಕೆ ಎದುರಾಗಿ ಈ ಸೀಮೆಯಲ್ಲೇ ಶೇಂಗಾ ಉಂಡಿ, ಅಳ್ಳಿಟ್ಟು, ಹುರಿಗಡಲೆ, ಬೆಳ್ಳುಳ್ಳಿ–ಶೇಂಗಾ ಹಾಕಿದ ಚುರಮುರಿಯ ಭಡಂಗ ಇವೆ. ಭಡಂಗದಲ್ಲಿ ಎಣ್ಣೆ, ಉಪ್ಪು ಉಂಟು. ಮನೆಯಲ್ಲಿ ಮಾಡಿದರೆ ಎರಡನ್ನೂ ಇಳಿಸಬಹುದು.

ಪೊಟ್ಟಣದ ಮೇಲಿನ ಬರಹ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಕಾನೂನಿಗೆ ಸಾಕು. ಕನ್ನಡವೊಂದನ್ನೇ ಓದಬಲ್ಲ ಉಮದಿಯ ತಾಯಿಗೆ ಅದು ಏನನ್ನೂ ಹೇಳುವುದಿಲ್ಲ. ಆಹಾರಕ್ಕೆ ಸೇರಿಸಿದ ರಾಸಾಯನಿಕಗಳನ್ನು ಗುರುತಿಸುವ ಐಎನ್‌ಎಸ್ ಸಂಖ್ಯೆಗಳಲ್ಲಿ 220ರಿಂದ 228ರವರೆಗಿನದು ಕಂಡರೆ ಗಂಧಕದ ಸಂರಕ್ಷಕ ಸೇರಿದೆಯೆಂದು ತಿಳಿಯಬೇಕು. ಇಷ್ಟನ್ನಾದರೂ ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಕನ್ನಡದಲ್ಲಿ ಹೇಳಿಕೊಡಬೇಕು.

6. ತೀರ್ಮಾನ

ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಎತ್ತಿ ಕವಠೆ ಮಹಾಂಕಾಳ, ಜತ್ತಗಳಿಗೆ ಹರಿಸುವ ಯೋಜನೆ ಬರಗಾಲದ ಸೀಮೆಗೆ ನ್ಯಾಯವಾಗಿ ಸಲ್ಲಬೇಕಾದದ್ದು. ನೀರು ಬಂದ ಹೊಲ ಜೋಳ ಬಿಟ್ಟು ದ್ರಾಕ್ಷಿ, ದಾಳಿಂಬೆ, ಕಬ್ಬಿನ ಕಡೆ ಹೊರಳುವುದೂ ಸಹಜ. ಆಗ ಮನೆಯ ಕಾಳಿನ ಜಾಗಕ್ಕೆ ಪೇಟೆಯ ಸರಕು ಬರುತ್ತದೆ, ಪೇಟೆ ಬಣ್ಣ ನೋಡಿ ಬೆಲೆ ಕಟ್ಟುತ್ತದೆ. ಆದ್ದರಿಂದ ಮಕ್ಕಳ ಆರೋಗ್ಯದ ಹೊಣೆಯನ್ನು ತಾಯಂದಿರ ಮೇಲಷ್ಟೇ ಹೊರಿಸಿದರೆ ಅನ್ಯಾಯವಾದೀತು. ತಾಸಗಾಂವ, ಸಾಂಗಲಿಯ ಹರಾಜಿನಲ್ಲಿ ಗಂಧಕ ಕಾಣದ ಒಣದ್ರಾಕ್ಷಿಗೂ ಪಾಲಿಶ್ ಆಗದ ಅರಿಷಿಣಕ್ಕೂ ಬೇರೆ ದರ್ಜೆ, ತಕ್ಕ ಬೆಲೆ ಸಿಗಬೇಕು. ಪಾಲಿಶ್ ಹಂತದಲ್ಲಿ ಸೀಸದ ಪರೀಕ್ಷೆ ತಪ್ಪದೆ ನಡೆಯಬೇಕು. ಜತ್ತದ ಬಿಸಿಯೂಟದಲ್ಲಿ ವಾರಕ್ಕೆ ಕೆಲವು ದಿನವಾದರೂ ಜೋಳ, ಬೇಳೆ, ಸೊಪ್ಪು ಒಟ್ಟಿಗೆ ಬರಬೇಕು. ಕಂದು ದ್ರಾಕ್ಷಿ, ಕಪ್ಪು ಬೆಲ್ಲ, ಮಂಕು ಕೊಂಬು ಬೆಳೆದು ತಂದ ರೈತನಿಗೆ ನಷ್ಟವಾಗದಂತೆ ನೋಡಿಕೊಂಡರೆ ಮಾತ್ರ ಅವು ಮಕ್ಕಳ ತಾಟಿಗೆ ಬಂದು ತಲುಪುತ್ತವೆ.